ತೊಳೆಯದ ಪೀಪಿ

ಶಿಷ್ಯ ಕೇಳಿದ:

“ಗುರುಗಳೇ, ನನಗೆ ಮೊದಲು ವಿದ್ಯೆ ಹೇಳಿಕೊಟ್ಟವರು ತೀರಿಕೊಂಡು ಹತ್ತು ವರ್ಷವಾಯಿತು. ಅವರು ಕೊಟ್ಟದ್ದನ್ನು ನಾನು ಮುಟ್ಟಿಲ್ಲ, ತಿದ್ದಿಲ್ಲ, ಇನ್ನೊಬ್ಬರ ಮಾತಿನ ಜೊತೆ ಬೆರೆಸಿಲ್ಲ. ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಂಡಿದ್ದೇನೆ. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಅವರ ದನಿ ಕೇಳಿಸುತ್ತಿತ್ತು. ಈಗೀಗ ಕೇಳಿಸುತ್ತಿಲ್ಲ. ಇಷ್ಟು ಜೋಪಾನ ಮಾಡಿಯೂ ಅದು ಹೇಗೆ ಹೋಯಿತು?”

ಗುರುಗಳು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ವಾಲಗದವನಿದ್ದ. ಹೆಸರು ಕೇಳಬೇಡ. ಹೆಸರು ಹೇಳಿದರೆ ಊರು ಕೇಳುತ್ತೀಯ, ಊರು ಹೇಳಿದರೆ ನೆಂಟಸ್ತಿಕೆ ಹುಡುಕುತ್ತೀಯ, ಕತೆ ಅಲ್ಲಿಗೇ ನಿಂತುಬಿಡುತ್ತದೆ. ನಾಗಸ್ವರ ಊದುತ್ತಿದ್ದ, ಅಷ್ಟು ತಿಳಿದಿದ್ದರೆ ಸಾಕು.

ಅವನಿಗೆ ವಿದ್ಯೆ ಕಲಿಸಿದವರು ಅದೇ ಊರಿನ ಹಿರಿಯ ವಾಲಗದವರು. ಊರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿತ್ತು. ಮೇಷ್ಟ್ರು ಬೆಳಗಿನ ಜಾವ ಮನೆಯ ಜಗಲಿಯ ಮೇಲೆ ಕೂತು ಆ ಹೊತ್ತಿನ ರಾಗವಾದ ಭೂಪಾಳ ಊದಿದರೆ ಕಾಲುವೆಯ ಆಚೆ ಉಳುತ್ತಿದ್ದವನು ಎತ್ತು ನಿಲ್ಲಿಸಿ ಕೇಳುತ್ತಿದ್ದನಂತೆ. ಹೀಗೆಂದು ಹೇಳಿದವನು ಆ ಉಳುವವನೇ. ಅವನು ಕೆಲಸಗಳ್ಳ, ಹಾಗಾಗಿ ಅರ್ಧ ನಂಬಿದರೆ ಸಾಕು. ಆದರೆ ನಾದ ತಿಳಿನೀರಿನ ಹಾಗಿತ್ತು ಎಂಬ ಮಾತನ್ನು ಮಾತ್ರ ಪೂರ್ತಿ ನಂಬು. ಅದನ್ನು ಕೇಳಿದವರೆಲ್ಲ ಹೇಳುತ್ತಿದ್ದರು, ಮೇಷ್ಟ್ರನ್ನು ಕಂಡರಾಗದವರೂ ಹೇಳುತ್ತಿದ್ದರು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ನಾಗಸ್ವರದ ತುದಿಗೆ ಜೊಂಡಿನಿಂದ ಮಾಡಿದ ಪೀಪಿ ಸಿಕ್ಕಿಸುತ್ತಾರೆ. ನಾದ ಹುಟ್ಟುವುದೇ ಅದರಲ್ಲಿ. ಪಾಠ ಶುರುವಾಗುವ ದಿನ ಗುರು ತಾನು ಊದಿ, ಒರೆಸದೆ, ಒದ್ದೆಯಾಗಿಯೇ ಆ ಪೀಪಿಯನ್ನು ಶಿಷ್ಯನ ಬಾಯಿಗಿಡಬೇಕು. ಗುರುವಿನ ಎಂಜಲು ನಾಲಿಗೆಗೆ ತಾಗಿದರೆ ವಿದ್ಯೆ ಇಳಿಯುತ್ತದೆ ಎಂದು ನಂಬಿಕೆ. ಅದೂ ಒಂದೇ ಒಂದು ದಿನ. ಮಾರನೆಯ ದಿನದಿಂದ ಶಿಷ್ಯನಿಗೆ ಅವನದೇ ಪೀಪಿ.

ಆ ಒಂದು ದಿನವನ್ನು ವಾಲಗದವನು ಎಂದೂ ಮರೆಯಲಿಲ್ಲ. ಆಗ ಅವನಿಗೆ ಮೀಸೆ ಚಿಗುರುತ್ತಿತ್ತು. ಪೀಪಿ ಬೆಚ್ಚಗಿತ್ತು, ಸ್ವಲ್ಪ ಒಗರು, ಸ್ವಲ್ಪ ಬೇವಿನ ಕಹಿ. ಆ ರುಚಿ ನೆನಪಾದಾಗಲೆಲ್ಲ ಅವನ ಕಣ್ಣು ತುಂಬಿಕೊಳ್ಳುತ್ತಿತ್ತು.

ಎರಡನೆಯ ದಿನದಿಂದ ಶುರುವಾಯಿತು ನೋಡು, ಕಾಟ. ಮೇಷ್ಟ್ರು ಬೆಳಕು ಹರಿಯುವ ಮೊದಲೇ ಅವನನ್ನು ಕಾಲುವೆಯ ಮೆಟ್ಟಿಲಿಗೆ ಕರೆದೊಯ್ಯುತ್ತಿದ್ದರು. ಬೇವಿನ ಕಡ್ಡಿಯನ್ನು ಜಗಿದು ಕುಂಚದ ಹಾಗೆ ಮಾಡಿ, ಒಂದೊಂದು ಹಲ್ಲಿನ ಬುಡವನ್ನೂ ಉಜ್ಜಬೇಕು. ಆಮೇಲೆ ಅದೇ ಕಡ್ಡಿಯನ್ನು ಸೀಳಿ, ಬಗ್ಗಿಸಿ, ನಾಲಿಗೆ ಹೆರೆಯಬೇಕು. ಹದಿನಾರು ಸಲ ಬಾಯಿ ಮುಕ್ಕಳಿಸಬೇಕು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಕೊನೆಗೆ ಮೇಷ್ಟ್ರು “ಬಾಯಿ ತೋರ್ಸು” ಎನ್ನುತ್ತಿದ್ದರು. ಎತ್ತಿನ ಹಲ್ಲು ನೋಡುವ ದಲ್ಲಾಳಿಯೂ ಅಷ್ಟು ಬಗ್ಗಿ ನೋಡುವುದಿಲ್ಲ.

ಅದಾದ ಮೇಲೆ ಪೀಪಿಯ ಸರದಿ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹೊರಗೆ ಹೆಬ್ಬೆರಳಿನಿಂದ ನೀವಿ, ಒಳಗೆ ಕೊಂಬಿನ ಸೂಜಿ ಆಡಿಸಿ ಲೋಳೆ ತೆಗೆಯಬೇಕು. ಊದುವ ಮೊದಲೊಮ್ಮೆ, ಊದಿದ ಮೇಲೊಮ್ಮೆ. ನೆರಳಿನಲ್ಲಿ ಆರಿಸಿ ಇಡಬೇಕು.

ಒಂದು ದಿನ ಶಿಷ್ಯ ತಡೆಯಲಾರದೆ ಕೇಳಿದ. “ಮೇಷ್ಟ್ರೇ, ನಿನ್ನೆ ತಾನೆ ತೊಳ್ದಿದ್ದೀನಿ. ರಾತ್ರಿ ಮಲಗಿದ್ದವನ ಬಾಯಿಗೆ ಅದ್ಯಾವ ಕೊಳೆ ಬಂತು?”

ಮೇಷ್ಟ್ರು ನಕ್ಕರು. “ಬಾಡಿಗೆ ಕೊಡದೋರು ಒಂದಷ್ಟು ಜನ ನಿನ್ನ ಬಾಯಲ್ಲಿ ವಾಸ ಇದ್ದಾರೆ ಕಣಪ್ಪ. ಕಣ್ಣಿಗೆ ಕಾಣ್ಸಲ್ಲ. ದಿನಾ ಬೆಳಿಗ್ಗೆ ಎಬ್ಬಿಸಿ ಓಡಿಸ್ಬೇಕು. ಒಂದು ದಿನ ಬಿಟ್ರೆ ಚಾಪೆ ಹಾಸ್ತಾರೆ. ಒಂದು ವಾರ ಬಿಟ್ರೆ ಗೋಡೆ ಎಬ್ಬಿಸ್ತಾರೆ. ಆಮೇಲೆ ನೀನೇ ಮನೆ ಬಿಡ್ಬೇಕಾಗ್ತದೆ.”

ಶಿಷ್ಯನೂ ನಕ್ಕ. ನಕ್ಕು ಮತ್ತೆ ಕಡ್ಡಿ ಹಿಡಿದ. ಹೀಗೆ ಹದಿನೆಂಟು ವರ್ಷ ನಡೆಯಿತು. ಕಲಿಯುವಾಗ ಕಾಟವಾಗಿದ್ದದ್ದು ಯಾವಾಗ ಸುಖವಾಯಿತೋ ಅವನಿಗೇ ತಿಳಿಯಲಿಲ್ಲ. ಕಾಲುವೆಯ ತಣ್ಣನೆಯ ನೀರು, ಮಗ್ಗುಲಲ್ಲಿ ಮೇಷ್ಟ್ರು ಮುಕ್ಕಳಿಸುವ ಸದ್ದು, ಬಾಯಿ ತುಂಬ ಬೇವಿನ ಕಹಿ. ಆಮೇಲೆ ಭೂಪಾಳ. ಅವನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಬರಲೇ ಇಲ್ಲ.

ಮೇಷ್ಟ್ರಿಗೆ ವಯಸ್ಸಾಯಿತು. ಒಂದು ಮಳೆಗಾಲದ ಕೊನೆಗೆ ಹಾಸಿಗೆ ಹಿಡಿದರು. ಮೂರು ತಿಂಗಳು ಮಲಗಿ ಎದ್ದು, ಮಲಗಿ ಎದ್ದು, ಆಗಾಗ ಗೋಡೆಗೆ ಒರಗಿಕೊಂಡೇ ಸ್ವಲ್ಪ ಊದುತ್ತಿದ್ದರು. ಆ ನಾದದಲ್ಲಿ ಒಂದು ಗೊಗ್ಗರು ಸೇರಿಕೊಂಡಿತ್ತು. ಶಿಷ್ಯ ಬಾಗಿಲಲ್ಲಿ ಕೂತು ಕೇಳುತ್ತಿದ್ದ. ಇನ್ನು ಇದನ್ನು ಎಷ್ಟು ದಿನ ಕೇಳುತ್ತೇನೋ ಎಂದುಕೊಂಡು, ಆ ಗೊಗ್ಗರನ್ನೂ ಒಂದಿಷ್ಟೂ ಚೆಲ್ಲದೆ ಎದೆಗೆ ತುಂಬಿಕೊಂಡ. ಒಂದು ದಿನ ಮೇಷ್ಟ್ರು ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಮೇಷ್ಟ್ರ ಹೆಂಡತಿ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದಳು. ಮೇಷ್ಟ್ರು ಕೊನೆಗೆ ಒಂದೆರಡು ದಿನ ಮಾತ್ರ ಊದಿದ್ದ ಹೊಸ ಪೀಪಿಯನ್ನು ತೆಗೆದು ಶಿಷ್ಯನ ಕೈಗಿಟ್ಟಳು. ಅವನು ಹೇಳಿದ: “ಅವ್ವ, ವರ್ಷದ ತಿಥಿ ದಿನ ಈ ಪೀಪಿ ಕಟ್ಕೊಂಡು ಮೇಷ್ಟ್ರ ದನಿ ನಿಮಗೆ ಕೇಳಿಸ್ತೀನಿ. ಇದು ನನ್ನ ಮಾತು.”

ಮನೆಗೆ ಬಂದು ಪೀಪಿಯನ್ನು ಬಾಯಿಗಿಟ್ಟುಕೊಂಡ. ಅದೇ ರುಚಿ. ಗುರುವಿನ ಬಾಯಿಗೆ ಕೊನೆಯದಾಗಿ ತಾಗಿದ್ದು ಇದು. ತೊಳೆಯಲು ಬಟ್ಟಲಿಗೆ ನೀರು ಬಿಟ್ಟವನು ಹಾಗೇ ಕೈ ಹಿಂದಕ್ಕೆ ತೆಗೆದ. ತೊಳೆದರೆ ಹೋಗಿಬಿಡುತ್ತಾರಲ್ಲ! ಚಿತೆಗಿಟ್ಟದ್ದಾಯಿತು, ಬೂದಿಯನ್ನು ಹೊಳೆಗೆ ಬಿಟ್ಟದ್ದಾಯಿತು, ಉಳಿದಿರುವ ಇಷ್ಟನ್ನೂ ತನ್ನ ಕೈಯಾರೆ ನೀರಿಗೆ ಬಿಡಲೇ? ಬಟ್ಟಲಿನ ನೀರನ್ನು ಗಿಡಕ್ಕೆ ಸುರಿದ. ಒಂದು ದಿನದ ಪದ್ಧತಿಯನ್ನು ದಿನದಿನದ ಪದ್ಧತಿ ಮಾಡಿಕೊಂಡದ್ದು ಹೀಗೆ.

ಮದುವೆ ಮುಂಜಿಗಳಿಗೆ ಬೇರೆ ಪೀಪಿ ಇದ್ದವು. ಇದನ್ನು ಮಾತ್ರ ಬೆಳಗಿನ ಹೊತ್ತು ಒಂದೇ ಒಂದು ಘಳಿಗೆ ಊದಿ ಮತ್ತೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಊದುವ ಮೊದಲು ಬಾಯಿ ಮುಕ್ಕಳಿಸುವುದನ್ನೂ ಬಿಟ್ಟ. ರುಚಿ ಕೆಡುತ್ತದೆ ಎಂದು. ಊದಿದ ಮೇಲೂ ಬಿಟ್ಟ. ನಾಲಿಗೆಯ ಮೇಲೆ ಇನ್ನಷ್ಟು ಹೊತ್ತು ಇರಲಿ ಎಂದು. ಕಾಲುವೆಯ ಮೆಟ್ಟಿಲಿಗೆ ಒಬ್ಬನೇ ಹೋಗಲು ಮನಸ್ಸು ಬರಲಿಲ್ಲ, ಅದೂ ನಿಂತಿತು. ಬಾಯಿ ತೋರಿಸು ಎನ್ನುವವರು ಇರಲಿಲ್ಲವಲ್ಲ. ದುಃಖ ನಿಜವೇ, ಇಲ್ಲವೆನ್ನುವುದಿಲ್ಲ. ಆದರೆ ಸೋಮಾರಿತನ ಬಲು ಜಾಣ ಕಣಪ್ಪ. ಅದು ಭಕ್ತಿಯ ಅಂಗಿ ತೊಟ್ಟು ಬಂದರೆ ಯಾರೂ ಬೈಯುವ ಹಾಗಿಲ್ಲ.

ಮೊದಲ ವಾರ ಏನೂ ಕಾಣಲಿಲ್ಲ. ಎರಡನೆಯ ವಾರ ಪೀಪಿಯ ಮೇಲೆ ಬೆರಳಾಡಿಸಿದರೆ ಜಾರುತ್ತಿತ್ತು. ತಿಂಗಳಿಗೆ ಗಂಜಿಯ ಕೆನೆಯಂಥದ್ದು ಕಟ್ಟಿಕೊಂಡಿತು. ಮೂರನೆಯ ತಿಂಗಳಿಗೆ ಅದಕ್ಕೆ ಹಳದಿ ಬಣ್ಣ ಬಂತು. ಆಗ ಪೀಪಿಯ ಬಾಯಿ ಸ್ವಲ್ಪ ಬಿಗಿದು, ನಾದ ದಪ್ಪಗಾಯಿತು, ಮಂಕಾಯಿತು. ಅದರಲ್ಲಿ ಗೊಗ್ಗರು ಬಂತು.

ವಾಲಗದವನ ಮೈ ಜುಮ್ಮೆಂದಿತು. ಮೇಷ್ಟ್ರು ಕೊನೆಯ ದಿನಗಳಲ್ಲಿ ಊದುತ್ತಿದ್ದದ್ದು ಹೀಗೇ ಅಲ್ಲವೇ! ಬಾಗಿಲಲ್ಲಿ ಕೂತು ತಾನು ಕೇಳಿದ್ದು ಇದೇ ಅಲ್ಲವೇ! ಅವರು ಪೀಪಿಯೊಳಗೆ ಇದ್ದಾರೆ, ದಿನದಿನಕ್ಕೆ ಹತ್ತಿರ ಬರುತ್ತಿದ್ದಾರೆ ಎಂದುಕೊಂಡ. ಕಣ್ಣೀರು ಸುರಿಯುತ್ತ ಊದಿದ. ಅಂದಿನಿಂದ ಆ ಕೆನೆಗೆ ಉಗುರು ತಾಗದಂತೆ ಎಚ್ಚರ ವಹಿಸಿದ.

ಇತ್ತ ಅವನ ವಸಡು ಊದಿಕೊಂಡಿತು. ಉಗುಳಿದರೆ ರಕ್ತ. ಮುಂದಿನ ಎರಡು ಹಲ್ಲು ನಾಲಿಗೆ ತಾಗಿದರೆ ಅಲುಗುತ್ತಿದ್ದವು. ವಾಲಗದವನಿಗೆ ಮುಂದಿನ ಹಲ್ಲು ಹೋದರೆ ತುಟಿಗೆ ಆಸರೆ ತಪ್ಪುತ್ತದೆ, ಕಸುಬು ಮುಗಿದ ಹಾಗೆಯೇ. ಜೊತೆಯಲ್ಲಿ ಡೋಲು ಬಾರಿಸುವವನು ಒಂದು ಮದುವೆಯಲ್ಲಿ ದೂರ ಸರಿದು ಕೂತ. “ಬಾಯಿ ಕಡೆ ಸ್ವಲ್ಪ ಗಮನ ಕೊಡಯ್ಯ. ನೀನು ಈ ಕಡೆ ತಿರುಗಿದ್ರೆ ನನ್ನ ಡೋಲೂ ಮುಖ ತಿರುಗಿಸ್ತದೆ” ಎಂದ. ಇವನು ನಗಲಿಲ್ಲ. ವರ್ಷದ ದಿನ ಒಂದು ಮುಗಿಯಲಿ, ಆಮೇಲೆ ಹಲ್ಲು ಇದ್ದರೆಷ್ಟು ಹೋದರೆಷ್ಟು ಎಂದು ಮನಸ್ಸಿನಲ್ಲೇ ಅಂದುಕೊಂಡ. ಅವನಿಗೆ ಇದ್ದದ್ದು ಒಂದೇ ಚಿಂತೆ. ಮೇಷ್ಟ್ರ ನಾದ ಈ ಲೋಕದಲ್ಲಿ ಉಳಿದಿರುವುದು ತನ್ನೊಬ್ಬನ ಬಾಯಲ್ಲಿ. ಅದನ್ನು ಅವ್ವನಿಗೆ ಮುಟ್ಟಿಸದೆ ತಾನು ಕೆಟ್ಟುಹೋಗಬಾರದು.

ವರ್ಷದ ದಿನ ಬಂತು. ಎಡೆ ಇಟ್ಟರು, ಕಾಗೆ ಮುಟ್ಟಿತು, ನೆಂಟರೆಲ್ಲ ಉಂಡು ಜಗಲಿಯ ಮೇಲೆ ಕೂತರು. ಮೇಷ್ಟ್ರ ಹೆಂಡತಿ ಕಂಬಕ್ಕೆ ಒರಗಿ ಕೂತಳು. ವಾಲಗದವನು ಗೂಟದ ಮೇಲಿನ ವಾದ್ಯವನ್ನು ಇಳಿಸಿ, ನಮಸ್ಕರಿಸಿ, ಮಡಿಲಿನ ಗಂಟಿನಿಂದ ಪೀಪಿ ತೆಗೆದು ಕಟ್ಟಿದ. ಹೊತ್ತಲ್ಲದ ಹೊತ್ತಿನಲ್ಲಿ ಭೂಪಾಳ ಹಿಡಿದ.

ಕೂತವರು ಕಣ್ಣೊರೆಸಿಕೊಂಡರು. “ಅವರೇ ಬಂದು ಕೂತ ಹಾಗಾಯಿತು” ಎಂದು ಒಬ್ಬರು ಗಟ್ಟಿಯಾಗಿಯೇ ಹೇಳಿದರು. ಮೇಷ್ಟ್ರ ಹೆಂಡತಿ ಮಾತ್ರ ನಡುವಿನಲ್ಲೇ ಎದ್ದು ಒಳಗೆ ಹೋದಳು. ಆಕೆಗೆ ದುಃಖ ತಡೆಯಲಾಗಲಿಲ್ಲ ಎಂದುಕೊಂಡು ವಾಲಗದವನು ರಾಗ ಮುಗಿಸಿ ಹಿಂದೆಯೇ ಹೋದ. ಆಕೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಅಳುತ್ತಿರಲಿಲ್ಲ.

“ಅದು ಯಾರ ದನಿ ಮಗಾ?” ಎಂದು ಕೇಳಿದಳು.

“ಮೇಷ್ಟ್ರದೇ ಅವ್ವ. ಕೊನೇಲಿ ಹಿಂಗೇ ಅಲ್ವಾ ಊದ್ತಿದ್ದಿದ್ದು? ಒಂದಿಷ್ಟೂ ಹೋಗದಂಗೆ ಇಟ್ಕೊಂಡಿದ್ದೀನಿ. ಈ ಪೀಪೀನ ಒಂದು ದಿನಾನೂ ತೊಳ್ದಿಲ್ಲ.”

ಆಕೆ ಅವನ ಮುಖವನ್ನೇ ನೋಡುತ್ತ ಹೇಳಿದಳು.

“ಹೂಂ. ಕೊನೇ ಮೂರು ತಿಂಗಳು ಹಿಂಗೇ ಇತ್ತು. ಅವರಿಗೆ ಕೈ ನಡುಗ್ತಿತ್ತು ಕಣಪ್ಪ. ಬೇವಿನ ಕಡ್ಡಿ ಹಿಡಿಯಕ್ಕಾಗ್ತಿರಲಿಲ್ಲ, ಸೂಜಿ ಹಿಡಿಯಕ್ಕಾಗ್ತಿರಲಿಲ್ಲ. ನಾನು ತೊಳ್ಕೊಡ್ತೀನಿ ಅಂದ್ರೆ ನಾಚ್ಕೊಂಡು ಬಾಯಿ ಮುಚ್ಕೊಳೋರು. ಊದಾದ್ಮೇಲೆ ಗೋಡೆ ಕಡೆ ತಿರುಗ್ಕೊಂಡು ಅಳೋರು. ದನಿಗೆ ಕೊಳೆ ಹತ್ತಿಬಿಡ್ತು ಕಣೇ, ಯಾರಿಗೂ ಕೇಳಿಸ್ಬಾರದು ಅನ್ನೋರು. ನಲವತ್ತು ವರ್ಷ ಆ ಮನುಷ್ಯ ಹೊಳೆಯೋ ಹಂಗೆ ಊದಿದ್ರು. ಅಷ್ಟನ್ನೂ ಬಿಟ್ಟು, ಅವರು ನಾಚ್ಕೊಂಡು ಅತ್ತ ಆ ಮೂರು ತಿಂಗಳನ್ನೇ ಹಿಡ್ಕೊಂಡು ಬಂದ್ಯಲ್ಲಪ್ಪ.”

ವಾಲಗದವನು ಪೀಪಿ ಬಿಚ್ಚಿಕೊಂಡು, ವಾದ್ಯವನ್ನು ಮತ್ತೆ ಗೂಟಕ್ಕೆ ತೂಗುಹಾಕಿದ. ಹಾಗೇ ಹೊರಟುಬಂದ. ನೆಂಟರು ಕರೆದರೂ ನಿಲ್ಲಲಿಲ್ಲ.

ಮಾರನೆಯ ದಿನ ಬೆಳಗಾಗುವ ಮೊದಲು ಕಾಲುವೆಯ ಮೆಟ್ಟಿಲಿಗೆ ಹೋದ. ವರ್ಷದ ಮೇಲೆ ಹೋಗಿದ್ದ. ಪೀಪಿಯನ್ನು ನೀರಿನಲ್ಲಿ ಅದ್ದಿದ. ಲೋಳೆ ಅಲುಗಲಿಲ್ಲ. ನೀರು ಅದರ ಮೇಲಿಂದ ಜಾರಿಹೋಯಿತು. ಮನೆಯಿಂದ ಬೆಚ್ಚಗಿನ ನೀರು ತಂದು ನೆನೆಸಿದ, ಆಗಲೂ ಬಿಡಲಿಲ್ಲ. ಕೊನೆಗೆ ಹೆಬ್ಬೆರಳಿನಿಂದ ಒತ್ತಿ ಉಜ್ಜಿದ, ಸೂಜಿ ಹಾಕಿ ಕೆರೆದ. ಪದರ ಪದರವಾಗಿ ಎದ್ದು ಬಂತು. ಅಡಿಯಲ್ಲಿ ಜೊಂಡು ಕಪ್ಪಗೆ ಮೆತ್ತಗಾಗಿತ್ತು. ಇನ್ನೊಂದು ಸಲ ಸೂಜಿ ಆಡಿಸುತ್ತಲೇ ಪೀಪಿ ಉದ್ದಕ್ಕೂ ಸೀಳಿ, ಎರಡು ಹೋಳಾಗಿ ಅಂಗೈಯಲ್ಲಿ ಬಿದ್ದಿತು.

ಅವನು ಮೆಟ್ಟಿಲ ಮೇಲೆ ಕೂತು ಚಿಕ್ಕ ಮಗುವಿನಂತೆ ಅತ್ತ. ಮೇಷ್ಟ್ರು ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತ. ಆ ದಿನ ಹೋದದ್ದು ವಿಧಿಯಿಂದ. ಈ ದಿನ ಹೋದದ್ದು ತನ್ನ ಕೈಯಿಂದ, ಅದೂ ಪ್ರೀತಿಯಿಂದ. ಇದಕ್ಕೆ ಯಾರನ್ನು ದೂರುವುದು?

ಅತ್ತು ಸಾಕಾದ ಮೇಲೆ ಎದ್ದು ಪಟ್ಟಣಕ್ಕೆ ಹೋದ. ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಸಿ ನೋಡಿ ಬೈದಳು. ಬಾಯೊಳಗಿನ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿಕೊಂಡು, ಮೇಲೊಂದು ಲೋಳೆಯ ಹೊದಿಕೆ ಹೊದ್ದು ಕೂತುಬಿಡುತ್ತವೆ, ಎಳೆಯದಿದ್ದಾಗ ಕಡ್ಡಿಗೆ ಬರುತ್ತದೆ, ಬಲಿತು ಕಲ್ಲಾದ ಮೇಲೆ ಕಬ್ಬಿಣವೇ ಬೇಕು ಎಂದಳು. ಮೇಷ್ಟ್ರು ಬಾಡಿಗೆ ಕೊಡದವರು ಎಂದದ್ದನ್ನೇ ಆಕೆ ಓದಿಕೊಂಡವರ ಮಾತಿನಲ್ಲಿ ಹೇಳಿದಳು, ಅಷ್ಟೇ. ಎರಡು ಸಲ ಕರೆಸಿ, ಹಲ್ಲಿನ ಬುಡದಲ್ಲಿದ್ದ ಕಲ್ಲನ್ನು ಕೆತ್ತಿ ತೆಗೆದಳು. ಬಹಳ ನೋವಾಯಿತು. ಅಲುಗುವ ಹಲ್ಲುಗಳು ನಿಲ್ಲುವವೋ ಇಲ್ಲವೋ ಹೇಳಲಾರೆ, ಇನ್ನು ನಿನ್ನ ಕೈಯಲ್ಲಿದೆ ಎಂದು ಕಳಿಸಿದಳು.

ಅವನು ಮತ್ತೆ ಕಡ್ಡಿ ಹಿಡಿದ. ಒಬ್ಬನೇ ಹದಿನಾರು ಎಣಿಸಿದ. ಮೊದಲ ಕೆಲವು ದಿನ ಎಂಟಕ್ಕೆ ಬರುವಷ್ಟರಲ್ಲಿ ಎಣಿಕೆ ತಪ್ಪುತ್ತಿತ್ತು, ಪಕ್ಕದಲ್ಲಿ ಸದ್ದಿಲ್ಲವೆಂದು. ಮತ್ತೆ ಒಂದರಿಂದ ಎಣಿಸುತ್ತಿದ್ದ.

ಆಮೇಲೆ ಹೊಳೆದಂಡೆಗೆ ಹೋಗಿ ಜೊಂಡು ಕೊಯ್ದು ತಂದ. ಮೇಷ್ಟ್ರು ಕಲಿಸಿದ ಹಾಗೆ ಒಣಗಿಸಿ, ಬೇಯಿಸಿ, ಒತ್ತಿ, ದಾರ ಸುತ್ತಿ ಪೀಪಿ ಮಾಡಿದ. ಮೊದಲನೆಯದು ಕಿರುಚಿತು. ಎರಡನೆಯದು ಉಸಿರನ್ನೇ ಒಳಗೆ ಬಿಡಲಿಲ್ಲ. ಹೀಗೆ ಎಷ್ಟೋ ಕೆಟ್ಟವು. ಕೆಟ್ಟವನ್ನು ಎಸೆದು ಮತ್ತೆ ಮಾಡಿದ. ಅಷ್ಟು ಹೊತ್ತಿಗೆ ವಸಡು ಗಟ್ಟಿಯಾಗಿ, ಹಲ್ಲು ಅಲುಗದೆ ನಿಂತಿದ್ದವು.

ಕಾರ್ತಿಕದ ಒಂದು ಬೆಳಗ್ಗೆ ಬಾಯಿ ತೊಳೆದು, ಪೀಪಿ ತೊಳೆದು, ಮೇಷ್ಟ್ರ ಮನೆಯ ಜಗಲಿಯ ಮೇಲೆ ಹೋಗಿ ಕೂತ. ಬಾಗಿಲು ಹಾಕಿತ್ತು. ಒಳಗಿರುವ ಮುದುಕಿಯನ್ನು ಎಬ್ಬಿಸಲು ಧೈರ್ಯವಾಗಲಿಲ್ಲ. ಕೇಳಿಸಿದರೆ ಕೇಳಿಸಲಿ ಎಂದು ಭೂಪಾಳ ಎತ್ತಿಕೊಂಡ. ಬಾಯಲ್ಲಿ ಗುರುವಿನ ರುಚಿ ಇರಲಿಲ್ಲ. ಹೊಸ ಜೊಂಡಿನ ರುಚಿಯೊಂದೇ ಇತ್ತು. ಮೇಷ್ಟ್ರು ಇಲ್ಲ, ನಿಜವಾಗಿಯೂ ಇಲ್ಲ ಎಂದು ಅವನಿಗೆ ಅಂದು ಪೂರ್ತಿ ತಿಳಿಯಿತು. ತಿಳಿದೂ ಊದಿದ. ಷಡ್ಜದ ಮೇಲೆ ನಿಂತಾಗ ನಾದ ತೆಳ್ಳಗೆ, ತಿಳಿಯಾಗಿ, ಎಲ್ಲೂ ತೊಡರದೆ ಕಾಲುವೆಯವರೆಗೂ ಹೋಯಿತು.

ಅಗುಳಿ ತೆಗೆದ ಸದ್ದಾಯಿತು. ಮೇಷ್ಟ್ರ ಹೆಂಡತಿ ಹೊಸ್ತಿಲಿಗೆ ಬಂದು ನಿಂತಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಹಿಡಿದು, ರಾಗ ಮುಗಿಯುವವರೆಗೂ ಅಲುಗದೆ ಕೇಳಿದಳು.

“ಪೀಪಿ ಇನ್ನೂ ಎಳಸು ಮಗಾ,” ಎಂದಳು. “ಇನ್ನೊಂದು ವಾರ ಊದು, ಬಿಟ್ಕೊಳ್ತದೆ. ಅವರದೂ ಹಂಗೇ, ಹೊಸದರಲ್ಲಿ ಒಂದು ವಾರ ಸತಾಯಿಸೋದು.”

ಹೀಗೆಂದು ಆಕೆ ನಕ್ಕಳು. ಅವರ ಮಾತೆತ್ತಿ ಆಕೆ ನಕ್ಕದ್ದು ಅವರು ಹೋದ ಮೇಲೆ ಅದೇ ಮೊದಲು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸೀಳಿಹೋದ ಪೀಪಿಯ ಮೇಲೆಯೇ ಮನಸ್ಸು. ಹೊಸದರಲ್ಲಿ ನಾದ ಬಂದಿರಬಹುದು, ಆದರೂ ಹಳೆಯದು ಹಳೆಯದೇ ಅಲ್ಲವೇ ಎನಿಸುತ್ತಿತ್ತು. ಕೊನೆಗೆ ಕೇಳಿದ:

“ಗುರುಗಳೇ, ಆ ಹಳೆಯ ಪೀಪಿಯಲ್ಲಿ ಗುರುವಿನದೂ ಒಂದಿಷ್ಟು ಇದ್ದೇ ಇತ್ತಲ್ಲವೇ? ತೊಳೆದಾಗ ಅದು ಎಷ್ಟು ಹೋಗಿರಬಹುದು?”

ಗುರುಗಳು ಅವನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಮೊದಲ ವಾರ ಕಳೆದ ಮೇಲೆ ಅದರ ಮೇಲೆ ಕಟ್ಟಿದ್ದೆಲ್ಲ ಅವನದೇ ಎಂಜಲು, ಮಗು.”